ಹೊಲ ಉಳುವವನದಾಯಿತು, ವಿಳಾಸ ಇನ್ನೂ ಗೇಣಿಯದು

ಗಡುವು ಹಾಕುವುದೆಂದರೆ ದೂರಸಂಪರ್ಕ ಇಲಾಖೆಗೆ ಬಲು ಇಷ್ಟ. ಅದನ್ನು ಮುಂದಕ್ಕೆ ತಳ್ಳುವುದೆಂದರೆ ಇನ್ನೂ ಇಷ್ಟ. 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಅದು ಹೇಳಿದ್ದು ಇಷ್ಟು: 2014ರ ಜೂನ್ 30ರ ನಂತರ ಮನೆಗಳಿಗೆ ಎಳೆಯುವ ಪ್ರತಿಯೊಂದು ಹೊಸ ತಂತಿ ಸಂಪರ್ಕವೂ ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6 ಸಾಗಿಸುವಂತಿರಬೇಕು. ಆ ದಿನ ಬಂತು, ಹೋಯಿತು. 2021ರ ನವೆಂಬರಿನಲ್ಲಿ ಅದೇ ಮಾತು ಮತ್ತೆ ಬಂತು, ತಾರೀಖು ಮಾತ್ರ 2022ರ ಡಿಸೆಂಬರ್ 31 ಆಗಿತ್ತು. ಎಂಟೂವರೆ ವರ್ಷ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಸರ್ಕಾರಿ ಕಚೇರಿಗಳದ್ದೂ ಇದೇ ಹಾಡು. 2012ರ ಮಾರ್ಚ್‌ಗೆ ಬಳಕೆ ಶುರುವಾಗಬೇಕಿತ್ತು, ಆಮೇಲೆ 2017 ಎಂದರು, ಆಮೇಲೆ 2022ರ ಜೂನ್ ಎಂದರು.

ಇದು ಬೆಂಗಳೂರಿನ ಎಂಜಿನಿಯರುಗಳ ಜಗಳ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗೆ ಇದರಿಂದ ಆಗಬೇಕಾದ್ದೇನು ಎನ್ನುವವರಿದ್ದಾರೆ. ಆಗಬೇಕಾದ್ದು ಬಹಳ ಇದೆ. ಈ ವಿಳಂಬದ ಖರ್ಚನ್ನು ತೆರುತ್ತಿರುವವರು ಬೆಂಗಳೂರಿನ ಕಂಪನಿಗಳಲ್ಲ. ಅವರಿಗೆ ಬೇಕಾದಷ್ಟು ವಿಳಾಸ ಕೊಳ್ಳುವ ದುಡ್ಡಿದೆ.

ಇಂಟರ್ನೆಟ್ಟಿಗೆ ಸೇರುವ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸ ಬೇಕು. 1981ರ ಐಪಿವಿ4 ಲೆಕ್ಕದಲ್ಲಿ ಇಡೀ ಜಗತ್ತಿಗೆ ಇರುವ ವಿಳಾಸಗಳೇ ಸುಮಾರು 430 ಕೋಟಿ. ಮೊದಲು ಬಂದವರು ಬಾಚಿಕೊಂಡರು. ಕಾರು ಮಾಡುವ ಫೋರ್ಡ್ ಕಂಪನಿಗೊಂದು, ಆಪಲ್‌ಗೊಂದು ಎಂದು ತಲಾ 1.67 ಕೋಟಿ ವಿಳಾಸಗಳ ಇಡೀ ಬಯಲುಗಳನ್ನೇ ಬರೆದುಕೊಟ್ಟರು. 2011ರ ಫೆಬ್ರುವರಿ 3ಕ್ಕೆ ಜಾಗತಿಕ ಕಣಜ ಖಾಲಿಯಾಯಿತು. ನಮ್ಮ ಏಷ್ಯಾ-ಪೆಸಿಫಿಕ್ ಭಾಗದ ನೋಂದಣಿ ಸಂಸ್ಥೆ ಏಪ್ರಿಲ್ 15ರಿಂದಲೇ ಪಡಿತರ ಶುರುಮಾಡಿತು. ಇಲಾಖೆಯೇ ಕೊಟ್ಟ ಅಂದಿನ ಲೆಕ್ಕದ ಪ್ರಕಾರ ಭಾರತದ 36 ಕೋಟಿ ಡೇಟಾ ಬಳಕೆದಾರರಿಗೆ ಇದ್ದ ವಿಳಾಸ 3.5 ಕೋಟಿ. ತಡವಾಗಿ ಬಂದವರಿಗೆ ಉಳಿದದ್ದು ಹಂಚಿಕೊಂಡು ತಿನ್ನುವ ದಾರಿ. ಒಂದೇ ವಿಳಾಸದ ಹಿಂದೆ ಹತ್ತಾರು ಮನೆಗಳನ್ನು ಕೂರಿಸುವ ಆ ಉಪಾಯಕ್ಕೆ ಸಿಜಿನ್ಯಾಟ್ ಎಂದು ಹೆಸರು. ಒಂದು ವಿಳಾಸಕ್ಕೆ 65,536 ಪೋರ್ಟ್‌ಗಳೆಂಬ ಬಾಗಿಲುಗಳಿರುತ್ತವೆ. ಮನೆಗೆ 1,024 ಕೊಟ್ಟರೆ 64 ಮನೆ.

ದೇವರಾಜ ಅರಸರ ಹುಣಸೂರಿನ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದು ಗೇಣಿ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಗೆ ಮುಂಚೆ ಉಳುವವನು ಒಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು. ಇಂದು ಮನೆಗೆ ಫೈಬರ್ ಬಂದಿದೆ, ತಿಂಗಳ ಬಾಡಿಗೆ ಕಟ್ಟುತ್ತೀರಿ, ವಿಳಾಸ ಮಾತ್ರ ನಿಮ್ಮದಲ್ಲ. ನಿಮ್ಮದೇ ಬೇಕೆಂದರೆ ‘ಸ್ಟ್ಯಾಟಿಕ್ ಐಪಿ’ ಎಂದು ಬೇರೆ ದುಡ್ಡು ಕಟ್ಟಬೇಕು. ಅಂದಿಗೂ ಇಂದಿಗೂ ಒಂದು ವ್ಯತ್ಯಾಸವಿದೆ, ಅದು ನಮ್ಮ ಪರವಾಗಿಯೇ ಇದೆ: ಈ ಸುಧಾರಣೆಗೆ ಯಾರ ಜಮೀನನ್ನೂ ಕಿತ್ತುಕೊಳ್ಳಬೇಕಿಲ್ಲ. 1998ರಲ್ಲೇ ನಿಯಮ ಸಿದ್ಧವಾದ ಐಪಿವಿ6ರಲ್ಲಿ ಒಬ್ಬ ಸಣ್ಣ ಸೇವಾದಾರನಿಗೆ ಸಿಗುವ ಮಾಮೂಲಿ ಹಂಚಿಕೆಯೊಂದರಿಂದಲೇ 1.67 ಕೋಟಿ ಮನೆಗಳಿಗೆ, ಮನೆಯೊಂದಕ್ಕೆ 256 ಪ್ರತ್ಯೇಕ ಜಾಲ ಮಾಡಿಕೊಳ್ಳುವಷ್ಟು ವಿಳಾಸ ಕೊಡಬಹುದು. ನಾಲ್ಕೂ ತಾಲ್ಲೂಕು ಸೇರಿಸಿದರೆ 2011ರ ಜನಗಣತಿಯಲ್ಲಿ ಇದ್ದ ಜನವೇ ಹತ್ತು ಲಕ್ಷದ ಆಸುಪಾಸು.

ನೀವು ಗೇಣಿದಾರರೋ ಅಲ್ಲವೋ ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ರೂಟರಿನ ಪುಟ ತೆರೆದು ‘ವ್ಯಾನ್’ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ಅನುಮಾನವೇ ಬೇಡ. 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟ ಸಾಲು ಅದು. 10ರಿಂದ ಶುರುವಾದರೂ ಕಥೆ ಅದೇ.

ವಾಟ್ಸಾಪ್ ನೋಡುತ್ತೇವೆ, ಯೂಟ್ಯೂಬ್ ಓಡುತ್ತದೆ, ಗೇಣಿಯಾದರೇನು ಎನ್ನಬಹುದು. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರ ಸೊಪ್ಪು ಒಣಗಿಸುವ ಬ್ಯಾರನ್ ಹತ್ತಿರ ಸಿಸಿ ಕ್ಯಾಮೆರಾ ಹಾಕಿ, ಮೈಸೂರಿನಲ್ಲಿರುವ ಮಗನಿಗೆ ಅದನ್ನು ನೋಡಲು ಹೇಳುತ್ತಾನೆ ಎಂದಿಟ್ಟುಕೊಳ್ಳಿ. ಹಂಚಿಕೆಯ ವಿಳಾಸಕ್ಕೆ ಹೊರಗಿನಿಂದ ನೇರವಾಗಿ ಬರುವ ದಾರಿ ಇಲ್ಲ. ಹಾಗಾಗಿ ಚಿತ್ರ ಸಾಮಾನ್ಯವಾಗಿ ಕ್ಯಾಮೆರಾ ಮಾಡಿದ ಕಂಪನಿಯ ಸರ್ವರಿಗೆ ಹೋಗಿ ಅಲ್ಲಿಂದ ಮೈಸೂರಿಗೆ ಬರಬೇಕು. ನಮ್ಮ ಹಟ್ಟಿಯ ಅಂಗಳ ಯಾವ ದೇಶದ ಯಾವ ಯಂತ್ರದಲ್ಲಿ ಕೂತಿದೆಯೋ ನಮಗೇ ಗೊತ್ತಿರುವುದಿಲ್ಲ. ಇನ್ನು 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ಮೇಲೆ ನಡೆದ ದಾಳಿಯಿಂದ ರಾಜ್ಯದ ಸಬ್ ರಿಜಿಸ್ಟ್ರಾರ್ ಕಚೇರಿಗಳು ಕೆಲಸವಿಲ್ಲದೆ ಕೂತದ್ದು ನೆನಪಿರಬೇಕು. ಅಂಥ ಹೊತ್ತಲ್ಲಿ ಯಾವ ಸರ್ವರಾದರೂ ಮೊದಲು ಮಾಡುವ ಕೆಲಸ ಅನುಮಾನದ ವಿಳಾಸಗಳನ್ನು ತಡೆಯುವುದು. ಅರವತ್ತು ಮನೆಗೆ ಒಂದೇ ವಿಳಾಸವಿದ್ದು, ಒಂದು ಮನೆಯ ಕಂಪ್ಯೂಟರಿಗೆ ವೈರಸ್ ಹೊಕ್ಕಿದ್ದರೆ ಉಳಿದವರೆಲ್ಲ ಅದೇ ಸಾಲಿನಲ್ಲಿ ನಿಲ್ಲುತ್ತಾರೆ, ಆ ಸಾಲಿನಲ್ಲಿರುವ ಗ್ರಾಮ ಒನ್ ಕೇಂದ್ರವೂ ಸೇರಿ.

ಇದೂ ಸಹಿಸಬಹುದಾದದ್ದೇ. ಪೊಲೀಸರು ಬಂದರೆ? 2007ರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಆರ್ಕುಟ್‌ನಲ್ಲಿ ಶಿವಾಜಿಯ ಬಗ್ಗೆ ಕೆಟ್ಟದಾಗಿ ಹಾಕಿದರೆಂದು ಪುಣೆ ಪೊಲೀಸರು ಹಿಡಿದೊಯ್ದರು. ಅವರು ಸುಮಾರು ಐವತ್ತು ದಿನ ಜೈಲಿನಲ್ಲಿದ್ದರು. ಸೇವಾದಾರ ಕಂಪನಿ ಕೊಟ್ಟ ಐಪಿ ವಿವರವೇ ತಪ್ಪಾಗಿತ್ತು. ಒಂದು ವಿಳಾಸವನ್ನು ಒಬ್ಬ ಗ್ರಾಹಕನಿಗೆ ಹೊಂದಿಸುವುದರಲ್ಲೇ ಇಂಥ ಎಡವಟ್ಟಾದರೆ, 64 ಮನೆಗಳಲ್ಲಿ ಒಂದನ್ನು ಆರಿಸಬೇಕಾದಾಗ ಏನಾದೀತು? ಸೆಕೆಂಡಿನ ನಿಖರ ಸಮಯವೂ ಪೋರ್ಟ್ ಸಂಖ್ಯೆಯೂ ಎರಡೂ ಸಿಕ್ಕರಷ್ಟೇ ಸರಿಯಾದ ಮನೆ ಸಿಗುತ್ತದೆ. ಪೋರ್ಟ್ ಸಂಖ್ಯೆ ಬರೆದಿಡದ ತಾಣಗಳು ಬೇಕಾದಷ್ಟಿವೆ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಈ ವ್ಯವಸ್ಥೆಯ ವಿರುದ್ಧ 2017ರಲ್ಲೇ ಬಹಿರಂಗವಾಗಿ ದನಿ ಎತ್ತಿತು. ನಮ್ಮಲ್ಲಿ ಸೈಬರ್ ಅಪರಾಧದ ಬಗ್ಗೆ ಇಷ್ಟೊಂದು ಭಾಷಣ ನಡೆಯುತ್ತದೆ, ಈ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ವಿರೋಧದ ಮಾತುಗಳನ್ನೂ ಕೇಳೋಣ. ಭಾರತ ಐಪಿವಿ6ರಲ್ಲಿ ಜಗತ್ತಿನ ಮುಂಚೂಣಿ ದೇಶಗಳಲ್ಲೊಂದು, ಗೂಗಲ್ ಲೆಕ್ಕದಲ್ಲಿ ಶೇ. 70ರ ಆಸುಪಾಸಿನಲ್ಲಿದ್ದೇವೆ, ಇನ್ನೇನು ಕೊರಗು ಎನ್ನುತ್ತಾರೆ. ನಿಜ. ಆದರೆ ಅದು ಗಡುವುಗಳ ಸಾಧನೆಯಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಅದಕ್ಕೆ ಒಂದೇ ಏಟಿಗೆ ಕೋಟಿಗಟ್ಟಲೆ ವಿಳಾಸ ಬೇಕಿತ್ತು, ಬಿಸಾಡಬೇಕಾದ ಹಳೆಯ ಸರಕು ಇರಲಿಲ್ಲ. ಉಳಿದ ಮೊಬೈಲ್ ಕಂಪನಿಗಳೂ ಹಿಂದೆ ನಡೆದವು. ಮೊಬೈಲಿನ ಆ ದೊಡ್ಡ ಸಂಖ್ಯೆಯ ನೆರಳಿನಲ್ಲಿ ತಂತಿ ಸಂಪರ್ಕದ ಸೋಮಾರಿತನ ಅಡಗಿ ಕೂತಿದೆ. ಹಂಚಿಕೆಯ ವಿಳಾಸವೇ ಸುರಕ್ಷಿತ, ಕಳ್ಳರು ಒಳಗೆ ಬರುವುದಿಲ್ಲ ಎಂಬುದು ಇನ್ನೊಂದು ವಾದ. ಬಾಗಿಲು ಕಾಯುವುದು ಫೈರ್‌ವಾಲ್ ಕೆಲಸ, ಅದನ್ನು ರೂಟರಿನಲ್ಲೇ ಇಡಬಹುದು. ಬಾಗಿಲೇ ಇಲ್ಲದ ಮನೆ ಕಟ್ಟಿ ಅದಕ್ಕೆ ಸುರಕ್ಷತೆ ಎನ್ನುವುದು ಕಂಪನಿಗೆ ಅನುಕೂಲ, ನಮಗಲ್ಲ.

ಮೂರನೆಯ ವಾದ ಕೇಬಲ್‌ನವರದು: ಇದೆಲ್ಲ ನಮ್ಮ ಕೈಲಾಗದು ಎಂದು. ಅದಕ್ಕೆ ನನ್ನ ಮನಸ್ಸು ಸ್ವಲ್ಪ ಕರಗುತ್ತದೆ. ಊರಿನಲ್ಲಿ ಕಂಬದಿಂದ ಕಂಬಕ್ಕೆ ಫೈಬರ್ ಎಳೆದು, ಮಳೆಗಾಲದಲ್ಲಿ ಕೊಂಬೆ ಬಿದ್ದು ತುಂಡಾದದ್ದನ್ನು ರಾತ್ರಿ ಹೊತ್ತು ಬೆಸೆಯುವವನಿಗೆ ಐಪಿವಿ6ರ ಪಾಠ ಹೇಳುವುದು ಅನ್ಯಾಯ. ಅವನು ಮೇಲಿನವರು ಕೊಟ್ಟದ್ದನ್ನು ಹಂಚುತ್ತಾನೆ. ಹೊಣೆ ಇರಬೇಕಾದ್ದು ಪರವಾನಗಿ ಪಡೆದ ಸೇವಾದಾರನ ಮೇಲೆ. ಅವನಿಗೆ ಇದು ನಷ್ಟವೂ ಅಲ್ಲ. ಗೂಗಲ್, ಯೂಟ್ಯೂಬ್, ಫೇಸ್‌ಬುಕ್ ಎಲ್ಲವೂ ಐಪಿವಿ6ರಲ್ಲಿ ಸಿಗುವುದರಿಂದ ಸಂಜೆಯ ಓಡಾಟದ ದೊಡ್ಡ ಪಾಲು ಹೊಸ ದಾರಿ ಹಿಡಿಯುತ್ತದೆ. ಸಿಜಿನ್ಯಾಟ್ ಯಂತ್ರದ ಹೊರೆಯೂ ಇಳಿಯುತ್ತದೆ, 2021ರ ಡಿಸೆಂಬರಿನಿಂದ ಎರಡು ವರ್ಷ ಕಾಪಿಡಬೇಕಾದ ದಾಖಲೆಯ ರಾಶಿಯೂ ಸಣ್ಣದಾಗುತ್ತದೆ. ಹಳೆಯದು ರಾತ್ರೋರಾತ್ರಿ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಎರಡೂ ಕೆಲಕಾಲ ಜೊತೆಗೆ ಓಡಲಿ. ‘ಕೆಲಕಾಲ’ಕ್ಕೆ ಒಂದು ಕೊನೆ ಇರಲಿ, ಮೀರಿದವನಿಗೆ ದಂಡ ಇರಲಿ. ಈವರೆಗಿನ ಗಡುವುಗಳು ಸೋತದ್ದು ಅವುಗಳಿಗೆ ಹಲ್ಲಿರಲಿಲ್ಲವಾದ್ದರಿಂದ.

ಕೊರತೆಯಿಂದ ಲಾಭ ಮಾಡುವವರೂ ಇದ್ದಾರೆನ್ನುವುದನ್ನು ಮರೆಯಬಾರದು. 2011ರಲ್ಲಿ ಮೈಕ್ರೋಸಾಫ್ಟ್, ದಿವಾಳಿಯಾದ ನಾರ್ಟೆಲ್‌ನಿಂದ 6,66,624 ಹಳೆಯ ವಿಳಾಸಗಳನ್ನು 75 ಲಕ್ಷ ಡಾಲರಿಗೆ ಕೊಂಡಿತು. 2024ರ ಫೆಬ್ರುವರಿಯಿಂದ ಅಮೆಜಾನ್ ತನ್ನ ಕ್ಲೌಡಿನಲ್ಲಿ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಹಾಕುತ್ತಿದೆ. ಮೈಸೂರಿನ ಪುಟ್ಟ ಕಂಪನಿ ಅಲ್ಲಿ ಅಂಥ ವಿಳಾಸ ಪಡೆದು ಆ್ಯಪ್ ಕಟ್ಟಿದರೆ ಆ ಬಾಡಿಗೆಯನ್ನೂ ಕಟ್ಟಬೇಕು.

ಎಚ್.ಡಿ. ಕೋಟೆಯವರು ಇಲ್ಲಿ ನಕ್ಕಾರು. ಡಿ.ಬಿ. ಕುಪ್ಪೆ ಕಡೆ ಸಿಗ್ನಲ್ಲಿಗೇ ಗುಡ್ಡ ಹತ್ತುವವರಿಗೆ ನಾಲ್ಕೋ ಆರೋ ಯಾಕೆ? ನ್ಯಾಯವಾದ ಪ್ರಶ್ನೆ. ಆದರೆ ಹೊಸದಾಗಿ ಕಟ್ಟುವಾಗಲೇ ಇದು ಸುಲಭ, ಅಗ್ಗ. ಸಂಪರ್ಕವಿಲ್ಲದ ಹಳ್ಳಿಗಳಿಗೆ 4ಜಿ ಕೊಡಲು 2022ರ ಜುಲೈನಲ್ಲಿ ಕೇಂದ್ರ ಸಂಪುಟ 26,316 ಕೋಟಿ ರೂಪಾಯಿಗೆ ಒಪ್ಪಿತು, 2023ರ ಆಗಸ್ಟ್‌ನಲ್ಲಿ ಭಾರತ್‌ನೆಟ್‌ನ ಹೊಸ ಹಂತಕ್ಕೆ 1.39 ಲಕ್ಷ ಕೋಟಿ. ಆದಿವಾಸಿ ಹಾಡಿಗೆ, ಪಂಚಾಯಿತಿ ಕಚೇರಿಗೆ, ಶಾಲೆಗೆ ಈ ದುಡ್ಡಿನಲ್ಲಿ ಬರುವ ಪೆಟ್ಟಿಗೆಗಳಲ್ಲಿ ಐಪಿವಿ6 ಕೆಲಸ ಮಾಡುತ್ತದೆಯೇ ಎಂದು ಬಿಲ್ ಪಾಸು ಮಾಡುವ ಮೊದಲು ಒಬ್ಬ ಅಧಿಕಾರಿ ಚಾಲೂ ಮಾಡಿ ನೋಡಲಿ. ಕಾಗದದ ಮೇಲೆ ‘ಸಿದ್ಧ’ ಎಂದಿದ್ದರೆ ಸಾಲದು. ಆಗದಿದ್ದರೆ ಪೆಟ್ಟಿಗೆ ವಾಪಸ್, ಬಿಲ್ಲೂ ವಾಪಸ್.