ಗೆದ್ದದ್ದು ಯಾರ ಮೇಲೆ?

ಸಹೋದರಿಯರೇ, ಹದಿನಾರು ಹದಿನೇಳು ವಯಸ್ಸಿನ ಮಗನೋ ಮಗಳೋ ಇರುವ ಮನೆಯಲ್ಲಿ ಈ ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ: "ಅಮ್ಮಿ, ಐದೇ ನಿಮಿಷ. ಈಗ ಬಿಟ್ಟರೆ ಪಾಯಿಂಟ್ ಹೋಗುತ್ತದೆ." ತಟ್ಟೆಯಲ್ಲಿ ಅನ್ನ ಆರುತ್ತದೆ, ಮಸೀದಿಯಲ್ಲಿ ಅಝಾನ್ ಮುಗಿಯುತ್ತದೆ, ಆ ಐದು ನಿಮಿಷ ಮಾತ್ರ ಮುಗಿಯುವುದಿಲ್ಲ. ನಾವು ಮೊಬೈಲನ್ನು ಬಯ್ಯುತ್ತೇವೆ, ಮಗುವನ್ನೂ ಬಯ್ಯುತ್ತೇವೆ. ಆದರೆ ಆ ಪಾಯಿಂಟ್ ಎಂದರೇನು, ಅದನ್ನು ಯಾರು ಕೊಡುತ್ತಾರೆ, ಅದು ಹೋದರೆ ಈ ಹುಡುಗನಿಗೆ ಅಷ್ಟೊಂದು ಸಂಕಟ ಏಕೆ ಎಂದು ಕೇಳಿದ್ದೇವೆಯೇ?

ಗುಬ್ಬಿಯ ಒಬ್ಬ ತಾಯಿ ನನ್ನ ಬಳಿ ಬಂದದ್ದು ಇದೇ ಚಿಂತೆಯಿಂದ. ಮಗ ತುಮಕೂರಿನಲ್ಲಿ ಡಿಪ್ಲೊಮಾ ಓದುತ್ತಾನೆ. ರಾತ್ರಿ ಬಿಜಿಎಂಐ. ಪಬ್‌ಜಿ ಎಂದು ನಾವು ಕೇಳಿದ್ದ ಆಟವನ್ನು 2020ರ ಸೆಪ್ಟೆಂಬರಿನಲ್ಲಿ ಸರಕಾರ ನಿಷೇಧಿಸಿದ ಮೇಲೆ 2021ರಲ್ಲಿ ಭಾರತಕ್ಕೆಂದು ಬಂದ ಅದರದೇ ಇನ್ನೊಂದು ರೂಪ ಇದು. "ಆಪಾ, ಅದು ಹರಾಮ್ ಎಂದು ನೀವು ಒಂದು ಮಾತು ಹೇಳಿಬಿಡಿ, ಸಾಕು" ಎಂದರು. ಒಂದು ವಿಷಯ ಹರಾಮ್ ಎನ್ನುವ ಮೊದಲು ಅದೇನೆಂದು ತಿಳಿಯಬೇಕಲ್ಲವೇ? ಹುಡುಗನನ್ನು ಕರೆಸಿ, ನೀನೇ ವಿವರಿಸು ಎಂದೆ. ತಲೆ ತಗ್ಗಿಸಿ ಬಂದವನು ಹತ್ತು ನಿಮಿಷದಲ್ಲಿ ಮೇಷ್ಟರಂತೆ ಪಾಠ ಹೇಳತೊಡಗಿದ.

ಆ ಆಟದಲ್ಲಿ ಮೆಟ್ಟಿಲುಗಳಿವೆ. ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ, ವಜ್ರ, ಅದರ ಮೇಲೆ ಕ್ರೌನ್, ಏಸ್. ತುತ್ತತುದಿಯ 'ಕಾಂಕರರ್' ಎಂಬ ಪಟ್ಟ ಅಗ್ರ 500 ಮಂದಿಗೆ ಮಾತ್ರ. ಅವನು ಕ್ರೌನ್ ತಲುಪಿದ್ದ. ಅದನ್ನು ಹೇಳುವಾಗ ಮುಖದಲ್ಲಿ ಕಂಡ ಹೊಳಪು ಪರೀಕ್ಷೆಯ ಫಲಿತಾಂಶ ಹೇಳುವಾಗಲೂ ಇರುವುದಿಲ್ಲ ಎಂದು ತಾಯಿ ಪಕ್ಕದಿಂದ ಕುಟುಕಿದರು.

"ನೀನು ಗೆದ್ದದ್ದು ಯಾರ ಮೇಲೆ?" ಎಂದು ಕೇಳಿದೆ. ಹುಡುಗ ಸ್ವಲ್ಪ ತಡವರಿಸಿ ನಿಜ ಹೇಳಿದ. ಕೆಳಗಿನ ಮೆಟ್ಟಿಲುಗಳಲ್ಲಿ ಎದುರಾಳಿಗಳಲ್ಲಿ ಬಹಳ ಜನ ಮನುಷ್ಯರೇ ಅಲ್ಲ, ಕಂಪ್ಯೂಟರ್ ಆಡಿಸುವ ಗೊಂಬೆಗಳು, 'ಬಾಟ್'ಗಳು. ಹೊಸಬ ಬೇಸರಪಟ್ಟು ಓಡಿಹೋಗದಿರಲಿ ಎಂದು ಅವನ್ನು ಸೋಲಲಿಕ್ಕೇ ಇಟ್ಟಿರುತ್ತಾರೆ. ಮೇಲೆ ಹೋದಂತೆ ನಿಜವಾದ ಆಟಗಾರರು ಹೆಚ್ಚುತ್ತಾರೆ. ಇನ್ನೊಂದು ಸಂಗತಿ: ಕೆಲವು ತಿಂಗಳಿಗೊಮ್ಮೆ 'ಸೀಸನ್' ಮುಗಿಯುತ್ತದೆ, ಎಲ್ಲರನ್ನೂ ಕೆಲವು ಮೆಟ್ಟಿಲು ಕೆಳಗಿಳಿಸುತ್ತಾರೆ, ಮತ್ತೆ ಹತ್ತಬೇಕು. ಬಣ್ಣದ ಅಂಗಿ, ಬಂದೂಕಿನ ಹೊದಿಕೆ ಎಂದು ಹಣ ಕೊಟ್ಟು ಕೊಳ್ಳುವುದೂ ಇದೆ. ಅದರಿಂದ ಆಟ ಒಂದಿಷ್ಟೂ ಸುಧಾರಿಸುವುದಿಲ್ಲ, ಅಬ್ಬಾ ಜೇಬು ಮಾತ್ರ ಹಗುರಾಗುತ್ತದೆ.

ಹಾಗಾದರೆ ಅವನ ಸಂತೋಷವೆಲ್ಲ ಸುಳ್ಳೇ? ಹಾಗೆನ್ನಲಾರೆ. ನಾಲ್ವರ ತಂಡದಲ್ಲಿ ಯಾರು ಮುಂದೆ, ಯಾರು ಕಾವಲು ಎಂದು ತೀರ್ಮಾನಿಸುವವನು ಅವನೇ. ಸೋತ ಪಂದ್ಯವನ್ನು ಮತ್ತೆ ನೋಡಿ ತಪ್ಪು ಹುಡುಕುತ್ತಾನೆ. ಇದೇ ವಿದ್ಯೆಯಿಂದ ಮೇಲೇರಿದವರೂ ಇದ್ದಾರೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಸ್ಪರ್ಧೆಯಾಗಿದ್ದಾಗ ತೀರ್ಥ್ ಮೆಹ್ತಾ ಕಂಚು ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್‌ನಲ್ಲಿ ಮೊಯಿನ್ ಇಜಾಝ್ ನಾಯಕತ್ವದ ಭಾರತ ತಂಡ 'ಡೋಟಾ 2' ಆಟದಲ್ಲಿ ಕಂಚು ತಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯಕ್ಕೆ ಒಪ್ಪಿಸಿತು. 2023ರ ಹಾಂಗ್‌ಝೌ ಕ್ರೀಡಾಕೂಟದಲ್ಲಿ ಅದಕ್ಕೆ ನಿಜವಾದ ಪದಕಗಳೇ ಇದ್ದವು.

ನಾನು ಗಟ್ಟಿಯಾಗಿ ತಡೆದದ್ದು ಬೇರೆ ಕಡೆ. ಸ್ನೇಹಿತರು ತಲಾ ನೂರು ರೂಪಾಯಿ ಹಾಕಿ ಗೆದ್ದ ತಂಡ ಎಲ್ಲವನ್ನೂ ಒಯ್ಯುವ ಪಂದ್ಯ ನಡೆಸುತ್ತಾರಂತೆ. ಕುದುರೆ ಓಟ, ಬಿಲ್ಲುಗಾರಿಕೆಯ ಬಹುಮಾನದ ಬಗ್ಗೆ ನಮ್ಮ ಫಿಕ್ಹ್ ವಿದ್ವಾಂಸರು ಶತಮಾನಗಳ ಹಿಂದೆಯೇ ಚರ್ಚಿಸಿದ್ದಾರೆ. ಹೊರಗಿನವರು ಬಹುಮಾನ ಕೊಟ್ಟರೆ ಅದೊಂದು ವಿಷಯ. ಆಡುವವರೇ ಹಣ ಹೂಡಿ ಗೆದ್ದವನು ಬಾಚಿಕೊಂಡರೆ ಅದು ಜೂಜು. ದೇಶದ ಕಾನೂನೂ ಇಂಥದೇ ಗೆರೆಯೊಂದನ್ನು ಎಳೆದಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸನ್ನು ಮಾನ್ಯ ಮಾಡಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ನಿದ್ದೆಯ ವಿಷಯವನ್ನೂ ಹೇಳಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಒಂದು ವರ್ಷ ಕಾಣಿಸಿಕೊಂಡರೆ ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಇಂಥವರಿಗಾಗಿ 'ಶಟ್' ಎಂಬ ಕ್ಲಿನಿಕ್ ತೆರೆದರು. ಗುಬ್ಬಿಯ ಹುಡುಗ ಅಲ್ಲಿಯವರೆಗೆ ಹೋಗಿಲ್ಲ, ಅಲ್‌ಹಮ್ದುಲಿಲ್ಲಾಹ್. ರಾತ್ರಿ ಹತ್ತಕ್ಕೆ ಮೊಬೈಲ್ ಅಡುಗೆಮನೆಯ ಶೆಲ್ಫಿಗೆ ಎಂದು ತಾಯಿ ಮಗ ಒಪ್ಪಂದ ಮಾಡಿಕೊಂಡಿದ್ದಾರೆ. ವಾರದಲ್ಲಿ ಎರಡು ದಿನ ಮುರಿಯುತ್ತದೆಯಂತೆ. ಇರಲಿ, ಐದು ದಿನ ಉಳಿಯುತ್ತದಲ್ಲ.

ಈಗ ಇನ್ನೊಬ್ಬ ಆಟಗಾರ್ತಿಯ ವಿಷಯ. ಇವಳ ಬಗ್ಗೆ ದೂರು ತಂದವರು ಯಾರೂ ಇಲ್ಲ, ಏಕೆಂದರೆ ಅವಳು ಆಡುತ್ತಾಳೆಂದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕುಣಿಗಲ್‌ನ ಹುಡುಗಿ, ಪಿಯುಸಿ. 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಪಾಠಕ್ಕೆಂದು ಕೈಗೆ ಬಂದ ಅಬ್ಬಾನ ಮೊಬೈಲಿನಲ್ಲಿ ಚೆಸ್ ಕಲಿತಳು. ತನ್ನ ಹೆಸರು ಹಾಕದೆ ಒಂದು ಹಕ್ಕಿಯ ಹೆಸರಿಟ್ಟುಕೊಂಡು ಆಡುತ್ತಾಳೆ. ಮೊದಲು 700 ಇದ್ದ ಅವಳ ರೇಟಿಂಗ್ ಈಗ 1350.

ಈ ರೇಟಿಂಗಿನಲ್ಲಿ ಗೊಂಬೆಗಳಿಲ್ಲ, ಸೀಸನ್ನೂ ಇಲ್ಲ. ಲೆಕ್ಕ ಸರಳ. ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ, ಹಂಗೇರಿ ಮೂಲದ ಅರ್ಪಾದ್ ಎಲೋ ಎಂಬ ಪ್ರಾಧ್ಯಾಪಕರು ರೂಪಿಸಿದ ಈ ಪದ್ಧತಿಯನ್ನು ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಸಮಬಲದವರನ್ನು ಸೋಲಿಸಿದರೆ, ಫಿಡೆಯ ಸಾಮಾನ್ಯ ಲೆಕ್ಕದಲ್ಲಿ, 10 ಅಂಕ ಬರುತ್ತದೆ. ನಿಮಗಿಂತ 200 ಅಂಕ ಮೇಲಿನವರನ್ನು ಸೋಲಿಸಿದರೆ ಸುಮಾರು 15. ಅವರಿಗೆ ಸೋತರೆ ಹೋಗುವುದು 5 ಮಾತ್ರ. ದೊಡ್ಡವರ ಎದುರು ಸೋಲುವುದರಲ್ಲಿ ನಷ್ಟ ಕಡಿಮೆ, ಚಿಕ್ಕವರ ಎದುರು ಸೋತರೆ ಪೆಟ್ಟು ಹೆಚ್ಚು. ನ್ಯಾಯವಾದ ತಕ್ಕಡಿ ಎನ್ನಿಸಿತು ನನಗೆ.

ಆದರೆ ಈ ತಕ್ಕಡಿಯಲ್ಲಿ ಒಂದು ಕಷ್ಟವಿದೆ. ನೀವು ಸುಧಾರಿಸಿದಂತೆ ನಿಮ್ಮೆದುರು ಕೂರುವವರೂ ಗಟ್ಟಿಯಾಗುತ್ತಾರೆ. ಹಾಗಾಗಿ 700ರಲ್ಲಿದ್ದಾಗಲೂ ಅರ್ಧ ಆಟ ಸೋಲು, 1350ರಲ್ಲೂ ಅರ್ಧ ಆಟ ಸೋಲು. ದಿನದಿನಕ್ಕೆ ನೋಡಿದರೆ ಏನೂ ಬದಲಾದಂತೆ ಕಾಣುವುದಿಲ್ಲ. ಹುಡುಗಿ ಎಂಟು ತಿಂಗಳು 1100ರ ಆಸುಪಾಸಿನಲ್ಲೇ ನಿಂತಿದ್ದಳು, ರಾತ್ರಿ ದುಪ್ಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತದ್ದೂ ಇದೆಯಂತೆ. ಕೊನೆಗೆ ಹೊಸ ಆಟ ಆಡುವುದನ್ನು ನಿಲ್ಲಿಸಿ, ಸೋತ ಆಟಗಳನ್ನು ಒಂದೊಂದಾಗಿ ನೋಟ್‌ಬುಕ್ಕಿನಲ್ಲಿ ಬರೆದು ನೋಡಿದಳು. ಮತ್ತೆ ಮತ್ತೆ ಒಂದೇ ತಪ್ಪು: ಎದುರಾಳಿಯ ಕುದುರೆ ಒಂದೇ ನೆಗೆತಕ್ಕೆ ಎರಡು ಕಾಯಿಗಳ ಮೇಲೆ ಕಣ್ಣಿಡುವುದು ಇವಳಿಗೆ ಕಾಣುತ್ತಿರಲಿಲ್ಲ. "ಕುದುರೆ ಫಾರಂ ಇರುವ ಕುಣಿಗಲ್‌ನವಳಾಗಿ ಕುದುರೆಗೆ ಹೆದರುತ್ತೀಯಾ?" ಎಂದು ನಾನು ನಕ್ಕೆ. ಆ ಒಂದು ತಪ್ಪು ತಿದ್ದಿದ ಮೇಲೆ ಮೂರು ತಿಂಗಳಲ್ಲಿ 1250 ದಾಟಿದಳು.

ಇದನ್ನೆಲ್ಲ ಅವಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು ಎಂಬುದೇ ನನಗೆ ನೋವಾದ ಸಂಗತಿ. ಮಗ ಗೆದ್ದರೆ ಓಣಿಗೆಲ್ಲ ಕೇಳುವಂತೆ ಕೂಗುತ್ತಾನೆ. ಮಗಳ ನಾಲ್ಕಾರು ವರ್ಷದ ಶ್ರಮ ಒಂದು ಹಕ್ಕಿಯ ಹೆಸರಿನ ಹಿಂದೆ ಅಡಗಿರುತ್ತದೆ.

ಅವಳ ಅಬ್ಬಾಗೆ ಚೆಸ್ ಸಲ್ಲದೆಂಬ ಅನುಮಾನ. ನಮ್ಮ ಹನಫಿ ವಿದ್ವಾಂಸರಲ್ಲಿ ಅದಕ್ಕೆ ವಿರೋಧ ಹೆಚ್ಚು ಎಂಬುದು ನಿಜ. ಹಣದ ಪಣವಿಲ್ಲದೆ, ನಮಾಝ್ ತಪ್ಪದೆ, ಕೆಟ್ಟ ಮಾತಿಲ್ಲದೆ ಆಡುವುದನ್ನು ಶಾಫಿಈ ವಿದ್ವಾಂಸರು ಹರಾಮ್ ಎನ್ನಲಿಲ್ಲ. ಎರಡನ್ನೂ ಅವರ ಮುಂದಿಟ್ಟೆ. 10ನೇ ಶತಮಾನದ ಬಗ್ದಾದಿನ ಅಸ್ಸೂಲಿ ಖಲೀಫರ ಆಸ್ಥಾನದಲ್ಲೇ ಹೆಸರಾಂತ ಆಟಗಾರ, ಆ ಕಾಲದಲ್ಲೇ ಆಟಗಾರರಿಗೆ ದರ್ಜೆಗಳಿದ್ದವು, ಮೇಲಿನವರನ್ನು 'ಆಲಿಯಾತ್' ಎನ್ನುತ್ತಿದ್ದರು ಎಂದೂ ಹೇಳಿದೆ. ಅವರು ಕೇಳಿಸಿಕೊಂಡರು, ಉತ್ತರಿಸಲಿಲ್ಲ. ಹುಡುಗಿಗೆ ಮಾತ್ರ ಬೇರೊಂದು ಹೆಸರು ಹೇಳಿದೆ. 1933ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದವಳು ಮಿಸ್ ಫಾತಿಮಾ. ಪಂಜಾಬಿನ ಸರ್ ಉಮರ್ ಹಯಾತ್ ಖಾನರ ಪರಿವಾರದ ಜೊತೆ ಹೋಗಿದ್ದವಳು. 11 ಆಟಗಳಲ್ಲಿ 10 ಗೆಲುವು, ಒಂದು ಸಮ, ಸೋಲೇ ಇಲ್ಲ. ಅದೇ ಪರಿವಾರದ ಸುಲ್ತಾನ್ ಖಾನ್ ಆ ವರ್ಷ ಪುರುಷರ ಪಟ್ಟವನ್ನು ಮೂರನೇ ಬಾರಿ ಗೆದ್ದರು. ಅವರಿಗೆ 2024ರಲ್ಲಿ, ಮರಣಾನಂತರ, ಫಿಡೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿತು.

ಎರಡು ವಾರದ ನಂತರ ಅಬ್ಬಾ ತಾವಾಗಿಯೇ ಹೂಂ ಎಂದರು. ತುಮಕೂರಿನಲ್ಲಿ ನಡೆದ ಏಳು ಸುತ್ತಿನ ಪಂದ್ಯಾವಳಿಗೆ ಹುಡುಗಿ ಅಮ್ಮಿಯೊಂದಿಗೆ ಬೆಳಗಿನ ಬಸ್ಸಿನಲ್ಲಿ ಬಂದಳು. ಮೊದಲ ಆಟ ಹೇಗೆ ಸೋತಳು ಗೊತ್ತೇ? ಮೊಬೈಲಿನಲ್ಲಿ ಗಡಿಯಾರ ತಾನಾಗಿ ತಿರುಗುತ್ತದೆ. ಇಲ್ಲಿ ನಡೆ ಮುಗಿಸಿ ಗುಂಡಿಯನ್ನು ಕೈಯಾರೆ ಒತ್ತಬೇಕು. ಒತ್ತುವುದನ್ನು ಮರೆತು ಮರೆತು ಅವಳ ಸಮಯವೇ ಮುಗಿದುಹೋಯಿತು. ಮೇಲಿನಿಂದ ನೋಡಿ ರೂಢಿಯಾದ ಕಣ್ಣಿಗೆ ಮರದ ಕಾಯಿಗಳು ಒಂದರ ಹಿಂದೆ ಒಂದು ಅಡಗಿದಂತೆ ಕಂಡವಂತೆ. ಅಮ್ಮಿ ಹೊರಗಿನ ಕಟ್ಟೆಯ ಮೇಲೆ ಬುತ್ತಿ ಹಿಡಿದು ಕುಳಿತಿದ್ದರು. ಏಳು ಆಟಕ್ಕೆ ಎರಡೂವರೆ ಅಂಕ. ಅದರಲ್ಲಿ ಅರ್ಧ ಅಂಕ ಫಿಡೆ ರೇಟಿಂಗ್ ಇರುವ, ತನಗಿಂತ ಎಷ್ಟೋ ವರ್ಷ ದೊಡ್ಡವರಾದ ಆಟಗಾರರೊಬ್ಬರ ಎದುರು ಸಮ ಮಾಡಿಕೊಂಡದ್ದು. ಬಸ್ಸಿನಲ್ಲಿ ಅವಳು ಹೇಳುತ್ತಿದ್ದದ್ದು ಆ ಅರ್ಧ ಅಂಕವನ್ನೇ, ಎರಡು ಗೆಲುವನ್ನಲ್ಲ ಎಂದು ಅಮ್ಮಿ ಆಶ್ಚರ್ಯಪಟ್ಟರು. ನನಗೆ ಆಶ್ಚರ್ಯವಾಗಲಿಲ್ಲ.

ಫಿಡೆ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ರೇಟಿಂಗ್ ಇರುವವರೊಂದಿಗೆ ಕನಿಷ್ಠ 5 ಆಟ ಆಡಿರಬೇಕು, ಲೆಕ್ಕ 1400 ಮುಟ್ಟಬೇಕು. ಅವಳದು ಮೂರಾಗಿದೆ. ಆ ಪಟ್ಟಿಯಲ್ಲಿ ಹಕ್ಕಿಯ ಹೆಸರು ನಡೆಯುವುದಿಲ್ಲ, ಅವಳದೇ ಹೆಸರು ಬೇಕು. ಮುಂದಿನ ಪಂದ್ಯಾವಳಿ ಯಾವಾಗ ಎಂದು ಅಬ್ಬಾ ಕೇಳಿ, ಅಂಗಡಿಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದ್ದಾರೆ.