ಹಗ್ಗದ ತುದಿಯ ಹಿಂಸೆ

ಹೊಡೆದು ಪಳಗಿಸಿದ ಪ್ರಾಣಿಯ ಮೌನವನ್ನು ವಿಧೇಯತೆಯೆಂದು ಹೊಗಳುವ ವಾಡಿಕೆ ಹಳೆಯದು. ನಾಯಿಗಳ ಕ್ರೀಡಾ ತರಬೇತಿಯ ಸಾಮೂಹಿಕ ವರ್ಗಗಳಲ್ಲಿ ಅದು ಇಂದಿಗೂ ಪೂರ್ತಿ ಅಳಿದಿಲ್ಲ. ಮನೆಯಲ್ಲಿ ಸೌಮ್ಯವಾಗಿರುವ ನಾಯಿಯೊಂದು, ಕೊರಳಿಗೆ ಹಗ್ಗ ಬಿದ್ದು ಮತ್ತೊಂದು ನಾಯಿ ಎದುರಾದೊಡನೆ ಬೊಗಳಿ ಮುನ್ನುಗ್ಗುತ್ತದೆ. ಒಡೆಯನಿಗೆ ನಾಚಿಕೆಯಾಗುತ್ತದೆ. ಚೋಕ್ ಚೈನ್ ಹಾಕಿ ಬಲವಾಗಿ ಜಗ್ಗುವಂತೆ ತರಬೇತುದಾರನು ಸೂಚಿಸುತ್ತಾನೆ. ನಾಯಿ ಸುಮ್ಮನಾಗುತ್ತದೆ. ಆಗ ಗುಣವಾದದ್ದು ಒಡೆಯನ ನಾಚಿಕೆಯೇ ಹೊರತು ನಾಯಿಯ ಭಯವಲ್ಲ.

ಕಟ್ಟಿಲ್ಲದ ಎರಡು ನಾಯಿಗಳು ಸಾಮಾನ್ಯವಾಗಿ ನೇರ ಮುಖಾಮುಖಿಯಾಗುವುದಿಲ್ಲ. ಬಳಸಿ ಬಂದು, ಮಗ್ಗುಲಿನಿಂದ ಮೂಸಿ, ಬೇಡವೆನಿಸಿದರೆ ದೂರ ಸರಿಯುತ್ತವೆ. ಹಗ್ಗವು ಈ ಸ್ವಾತಂತ್ರ್ಯವನ್ನು ಕಸಿದುಕೊಳ್ಳುತ್ತದೆ. ಓಡಿಹೋಗಲಾರದ ಜೀವಕ್ಕೆ ಗದರಿಸುವುದೊಂದೇ ದಾರಿ. ಎದುರಿನ ನಾಯಿ ದಾಟಿಹೋದಾಗ, ತನ್ನ ಬೊಗಳಿಕೆಯೇ ಅದನ್ನು ಓಡಿಸಿತೆಂದು ಅದು ಕಲಿಯುತ್ತದೆ. (ಹತ್ತಿರ ಹೋಗಲಾಗದ ಚಡಪಡಿಕೆಯಿಂದ ಕೆರಳುವ ನಾಯಿಗಳೂ ಉಂಟು, ಅವುಗಳಿಗೂ ಪೆಟ್ಟು ಮದ್ದಲ್ಲ.) ಅದೇ ಕ್ಷಣದಲ್ಲಿ ಕೊರಳು ಬಿಗಿದರೆ, ನೋವೂ ಎದುರಿನ ನಾಯಿಯೂ ಅದರ ನೆನಪಿನಲ್ಲಿ ಒಂದಾಗಿಬಿಡುತ್ತವೆ. ಗುರುಗುಟ್ಟಿದ್ದಕ್ಕೆ ದಂಡನೆಯುಂಡ ನಾಯಿಯು ಮುಂದೊಮ್ಮೆ ಮುನ್ಸೂಚನೆಯಿಲ್ಲದೆ ಕಚ್ಚಬಹುದು.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವು ಮೊದಲನೆಯದು, ಹೊಡೆತವೆಂಬರ್ಥದ ವಧವು ಎರಡನೆಯದು ಎಂಬುದನ್ನು ಶ್ರಾವಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಚೋಕ್ ಚೈನಿನಲ್ಲಿ ಇವೆರಡೂ ಒಟ್ಟಿಗೆ ಸೇರಿವೆ. ಲೌಕಿಕ ಪ್ರಮಾಣವೂ ಇದಕ್ಕೆ ಅನುಕೂಲವಾಗಿಯೇ ಇದೆ. ಪೋರ್ಚುಗಲ್ ದೇಶದಲ್ಲಿ 92 ನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಂಡನೆಯನ್ನು ಆಶ್ರಯಿಸಿದ ಶಾಲೆಗಳ ನಾಯಿಗಳಲ್ಲಿ ಉದ್ವೇಗದ ಲಕ್ಷಣಗಳು ಹೆಚ್ಚಾಗಿದ್ದವು. ಪಾಠದ ಬಳಿಕ ಅವುಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಏರಿತ್ತು. ಅಮೆರಿಕದ ಪಶುವರ್ತನಾ ವೈದ್ಯರ ಸಂಘವು 2021ರಲ್ಲಿ, ಬಹುಮಾನದ ವಿಧಾನವನ್ನು ಮಾತ್ರ ಬಳಸಬೇಕೆಂದು ಸ್ಪಷ್ಟವಾಗಿ ಸಾರಿತು.

ಸೌಮ್ಯ ವಿಧಾನ ನಿಧಾನವಾದುದು, ವರ್ಗದ ಉಳಿದವರು ಕಾಯಲಾರರು ಎಂಬ ಆಕ್ಷೇಪ ಸಾಮಾನ್ಯವಾಗಿ ಕೇಳಿಬರುತ್ತದೆ. ನಿಧಾನವೆಂಬುದು ನಿಜ. ಆದರೆ ವರ್ಗದ ವೇಳಾಪಟ್ಟಿಗೆ ಒಂದು ಜೀವದ ಕೊರಳನ್ನು ಒತ್ತೆಯಿಡುವುದು ಯಾವ ನ್ಯಾಯ? ಅಡೆತಡೆಗಳನ್ನು ದಾಟಿ ಓಡುವ ಅಜಿಲಿಟಿ ಕ್ರೀಡೆಯು 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ, ಕುದುರೆ ಜಿಗಿತದ ಮಾದರಿಯಲ್ಲಿ, ಬಿಡುವಿನ ವೇಳೆಯ ಮನರಂಜನೆಯಾಗಿ ಆರಂಭವಾಯಿತು. ಅಲ್ಲಿ ಓಡುವಾಗ ನಾಯಿಗೆ ಹಗ್ಗವೇ ಇರುವುದಿಲ್ಲ. ತೊಂದರೆಯಿರುವುದು ಸರದಿಗಾಗಿ ಕಾಯುವ ಸಾಲಿನಲ್ಲಿ. ಹಾಗಿರುವಾಗ ಸಾಲನ್ನು ಸಡಿಲಿಸುವುದು ಬಿಟ್ಟು ನಾಯಿಯನ್ನು ಬಿಗಿಯುವುದು ವಿಪರೀತವಲ್ಲವೇ?

ಕ್ರೀಡೆಗೆ ಇಳಿಯುವ ಇಂತಹ ನಾಯಿಗಳಿಗಾಗಿಯೇ ಲೆಸ್ಲೀ ಮೆಕ್‌ಡೆವಿಟ್ ಅವರು 2007ರಲ್ಲಿ ಬರೆದ ‘ಕಂಟ್ರೋಲ್ ಅನ್‌ಲೀಶ್ಡ್’ ಗ್ರಂಥದಲ್ಲಿ ಒಂದು ಸರಳ ಅಭ್ಯಾಸವಿದೆ. ಮತ್ತೊಂದು ನಾಯಿಯನ್ನು ಕಂಡೂ ಶಾಂತವಾಗಿ ತಿನ್ನಬಲ್ಲಷ್ಟು ದೂರದಲ್ಲಿ ತನ್ನ ನಾಯಿಯನ್ನು ನಿಲ್ಲಿಸಬೇಕು. ಅದು ಅತ್ತ ನೋಡಿದ ಕ್ಷಣದಲ್ಲೇ ಗುರುತಿನ ಶಬ್ದ ಮಾಡಿ ತಿನಿಸು ಕೊಡಬೇಕು. ಕ್ರಮೇಣ ಅದು ನೋಡಿ, ತಾನಾಗಿಯೇ ಒಡೆಯನ ಕಡೆಗೆ ತಿರುಗುತ್ತದೆ. ಆ ಬಳಿಕವೇ ದೂರವನ್ನು ಕುಗ್ಗಿಸಬೇಕು. ತಿನಿಸು ನಿಂತುಹೋದರೆ, ಕಣ್ಣು ಬೇರೆಡೆ ಕದಲದಿದ್ದರೆ, ಹತ್ತಿರ ಬಂದದ್ದು ಅತಿಯಾಯಿತೆಂದು ಅರ್ಥ, ಹಿಂದೆ ಸರಿಯಬೇಕು. ವರ್ಗದಲ್ಲಿ ನಡುವೆ ಪರದೆ ಕಟ್ಟುವುದು, ಒಂದೊಂದೇ ನಾಯಿಯನ್ನು ಮೈದಾನಕ್ಕೆ ಬಿಡುವುದು, ಬರಲು ಹೋಗಲು ಬೇರೆ ದಾರಿ ಮಾಡುವುದು, ಇವಾವುದಕ್ಕೂ ಹೆಚ್ಚಿನ ವೆಚ್ಚವಿಲ್ಲ.

ತಿನಿಸೆಂದರೆ ಮಾಂಸವೇ ಆಗಬೇಕೆಂಬ ನಿಯಮವೇನೂ ಇಲ್ಲ. ಪನೀರಿನ ಸಣ್ಣ ಚೂರಿಗೂ ಬಹಳಷ್ಟು ನಾಯಿಗಳು ಒಲಿಯುತ್ತವೆ. ಆದರೆ ಹಸಿದರೆ ಚೆನ್ನಾಗಿ ಕಲಿಯುತ್ತದೆಂದು ಊಟ ತಪ್ಪಿಸುವ ಬುದ್ಧಿವಂತರೂ ಇದ್ದಾರೆ. ಅದು ಅನ್ನಪಾನನಿರೋಧ. ಕೈಯಲ್ಲಿ ಸರಪಳಿಯಿಲ್ಲದ ಮಾತ್ರಕ್ಕೆ ಅವರು ದಯಾವಂತರಾಗುವುದಿಲ್ಲ.

ಇಷ್ಟಾದರೂ ಕೆಲವು ನಾಯಿಗಳಿಗೆ ಆ ಗದ್ದಲ ಒಗ್ಗುವುದಿಲ್ಲ. ಪದಕ ಬೇಕಾಗಿರುವುದು ಒಡೆಯನ ಮಾನಕಷಾಯಕ್ಕೆ. ನಾಯಿ ಅದನ್ನು ಎಂದೂ ಬೇಡಿಲ್ಲ. ತಿಂಗಳುಗಟ್ಟಲೆ ಅಭ್ಯಾಸದ ಬಳಿಕವೂ ಮೈದಾನದ ಅಂಚಿನಲ್ಲಿ ನಡುಗುವ ನಾಯಿಯನ್ನು ಮನೆಗೆ ಕರೆದೊಯ್ಯುವಂತೆ ಹೇಳುವ ಧೈರ್ಯ ತರಬೇತುದಾರನಿಗಿರಬೇಕು. ಅದನ್ನು ಅವನು ಶುಲ್ಕ ಪಡೆಯುವ ಮೊದಲೇ ಒಡೆಯನಿಗೆ ತಿಳಿಸಿರಬೇಕು.