ರಸ್ತೆ ಮುಗಿದರೂ ಕಾಲುದಾರಿ ಮುಗಿಯಬಾರದು

ಕೆಲವು ರಸ್ತೆಗಳು ಮುಗಿಯಲೇಬೇಕು. ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ಗುಡ್ಡವೇ ಕೊನೆಯಾಗಿ, ಕೆಳಗೆ ಸ್ವರ್ಣಾ ನದಿ ಹರಿಯುತ್ತದೆ. ಕಾಪುವಿನಲ್ಲಿ 1901ರ ದೀಪಸ್ತಂಭದ ಬಳಿ ಕಡಲು ಅಡ್ಡ ಬರುತ್ತದೆ. ಇವುಗಳ ಬಗ್ಗೆ ಯಾರ ತಕರಾರೂ ಇಲ್ಲ. ತಕರಾರಿರುವುದು ಕಾಂಪೌಂಡ್ ಗೋಡೆಗೆ ಬಂದು ನಿಲ್ಲುವ ರಸ್ತೆಗಳ ಬಗ್ಗೆ.

ಒಬ್ಬರು ಗದ್ದೆಯನ್ನೋ ತೋಟವನ್ನೋ ಭೂಪರಿವರ್ತನೆ ಮಾಡಿಸಿ, ಮುಖ್ಯರಸ್ತೆಯಿಂದ ಒಳಕ್ಕೊಂದು ರಸ್ತೆ ಬಿಟ್ಟು ಸೈಟು ಮಾಡುತ್ತಾರೆ. ಪಕ್ಕದ ಜಾಗದವರು ಇನ್ನೊಂದು ದಿಕ್ಕಿನಿಂದ ಹಾಗೆಯೇ ಮಾಡುತ್ತಾರೆ. ಎರಡೂ ರಸ್ತೆಗಳು ಒಂದೇ ಕೆಂಪುಕಲ್ಲಿನ ಗೋಡೆಯ ಆಚೀಚೆ ನಿಂತುಬಿಡುತ್ತವೆ. ಒಂದೊಂದು ನಕ್ಷೆಗೂ ಪ್ರತ್ಯೇಕ ಒಪ್ಪಿಗೆ ಸಿಗುತ್ತದೆ. ಅಕ್ಕಪಕ್ಕದ ನಕ್ಷೆಗಳನ್ನು ಒಟ್ಟಿಗಿಟ್ಟು ನೋಡಿದಂತೆ ಕಾಣುವುದಿಲ್ಲ.

ಹಿಂದೆ ಅದೇ ಜಾಗದಲ್ಲಿ ಗದ್ದೆಯ ಹುಣಿಯ ಮೇಲೆ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಹಳೆಯ ಕ್ರಯಪತ್ರಗಳಲ್ಲಿ ‘ಮಾಮೂಲು ದಾರಿ’ ಎಂದು ಬರೆಯುತ್ತಿದ್ದುದು ಇಂಥ ನಡಿಗೆಯ ಹಕ್ಕನ್ನೇ. 1882ರ ಈಸ್‌ಮೆಂಟ್ ಕಾಯ್ದೆ, 20 ವರ್ಷ ಅಡ್ಡಿಯಿಲ್ಲದೆ ಹಕ್ಕಿನಿಂದ ಬಳಸಿದ ದಾರಿಗೆ ಮಾನ್ಯತೆ ಕೊಡುತ್ತದೆ. ಆದರೆ ಅದಕ್ಕಾಗಿ ಕೋರ್ಟಿಗೆ ಅಲೆಯುವ ತ್ರಾಣ ಎಷ್ಟು ಮನೆಗಳಿಗಿದೆ? ಗೋಡೆ ಎದ್ದಿತೆಂದರೆ, ಹಿಂಬದಿಯ ಮನೆಗೆ ಹೋಗಲೂ ಮುಖ್ಯರಸ್ತೆಗೆ ಬಂದು ಸುತ್ತಬೇಕು. ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಚಿಕ್ಕ ಮಕ್ಕಳನ್ನು ಯಾವ ತಾಯಿ ಧೈರ್ಯವಾಗಿ ನಡೆಸಿಯಾಳು? ಸ್ಕೂಟರೋ ರಿಕ್ಷಾವೋ ಬೇಕೇ ಬೇಕಾಗುತ್ತದೆ. ಹೀಗೆ ತನ್ನೊಳಗೆ ವಾಹನ ಬೇಡವೆಂದ ಓಣಿಯೇ ಮುಖ್ಯರಸ್ತೆಗೆ ವಾಹನ ತುಂಬುತ್ತದೆ. ಹುಣಿಯ ಬದಿಯ ತೋಡನ್ನೂ ಗೋಡೆ ಮುಚ್ಚಿದ್ದರಂತೂ ಆಷಾಢದ ಮಳೆಯ ನೀರು ಕೊನೆಯ ಮನೆಯ ಅಂಗಳಕ್ಕೇ ಬರುತ್ತದೆ.

ಹಾಗೆಂದು ಎಲ್ಲ ಓಣಿಗಳನ್ನೂ ಕೂಡಿಸಿ ವಾಹನ ಬಿಡಿ ಎನ್ನಲಾರೆ. ಮುಂದೆ ದಾರಿಯಿಲ್ಲದ ರಸ್ತೆಯಲ್ಲಿ ಮಕ್ಕಳು ಸೈಕಲ್ ಕಲಿಯುತ್ತಾರೆ, ವಯಸ್ಸಾದವರು ಸಂಜೆ ನಿರಾತಂಕವಾಗಿ ನಡೆಯುತ್ತಾರೆ. ಮಣಿಪಾಲದ ಟೈಗರ್ ಸರ್ಕಲ್‌ನ ದಟ್ಟಣೆ ಒಳರಸ್ತೆಗಳಿಗೆ ನುಗ್ಗಿದರೆ ಆ ನೆಮ್ಮದಿ ಉಳಿಯದು. ಅಮೆರಿಕದ ನ್ಯೂಜೆರ್ಸಿಯಲ್ಲಿ 1929ರಲ್ಲಿ ಆರಂಭವಾದ ರ‍್ಯಾಡ್‌ಬರ್ನ್ ಬಡಾವಣೆಯನ್ನು ಯೋಜಿಸಿದ ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ಇದನ್ನು ಸರಿಯಾಗಿ ಗ್ರಹಿಸಿದ್ದರು. ಅಲ್ಲಿ ಕಾರಿನ ರಸ್ತೆ ಮನೆಗಳ ಬಳಿ ಮುಗಿಯುತ್ತದೆ. ಇನ್ನೊಂದು ಬದಿಯಿಂದ ಹೊರಡುವ ಕಾಲುದಾರಿ ಪಾರ್ಕಿಗೂ ಶಾಲೆಗೂ ಒಯ್ಯುತ್ತದೆ. ಮುಂದೆ ಬಂದ ಅನೇಕ ಬಡಾವಣೆಗಳು ಕಾಲುದಾರಿಯನ್ನು ಕೈಬಿಟ್ಟು ಮುಚ್ಚಿದ ರಸ್ತೆಯನ್ನಷ್ಟೇ ಅನುಕರಿಸಿದವು. ಅದರ ತೊಂದರೆ ಕಂಡ ವರ್ಜೀನಿಯಾ ರಾಜ್ಯ 2009ರಲ್ಲಿ, ಪಕ್ಕದ ಬಡಾವಣೆಗೆ ಸಂಪರ್ಕ ಕೊಡುವುದನ್ನು ಹೊಸ ರಸ್ತೆಗಳನ್ನು ತನ್ನ ನಿರ್ವಹಣೆಗೆ ತೆಗೆದುಕೊಳ್ಳುವ ಷರತ್ತುಗಳಲ್ಲಿ ಸೇರಿಸಿತು.

ನಮ್ಮಲ್ಲಿ ಅಷ್ಟು ದೊಡ್ಡ ನಿಯಮವೂ ಬೇಡ. ನಕ್ಷೆಗೆ ಒಪ್ಪಿಗೆ ಕೊಡುವಾಗಲೇ, ರಸ್ತೆ ಮುಗಿಯುವಲ್ಲಿಂದ ಪಕ್ಕದ ಜಾಗದ ಗಡಿಯವರೆಗೆ 6 ಅಡಿ ಕಾಲುದಾರಿಯನ್ನೂ ತೋಡಿನ ಜಾಗವನ್ನೂ ಸ್ಥಳೀಯ ಸಂಸ್ಥೆಯ ಹೆಸರಿಗೆ ಬರೆಸಿಕೊಂಡರೆ ಸಾಕು. ಅಗ್ನಿಶಾಮಕ ವಾಹನ ತಿರುಗುವಷ್ಟು ಜಾಗವೂ ಅಲ್ಲೇ ಇರಲಿ. ಕಾಪು, ಕಾರ್ಕಳದ ಸುತ್ತ ಇನ್ನೂ ಗದ್ದೆ, ತೋಟಗಳಿರುವುದರಿಂದ ಅಲ್ಲಿ ಇದು ಈಗಲೇ ಸಾಧ್ಯ. ಉಡುಪಿಯಲ್ಲಿ ಗೋಡೆಗಳು ಆಗಲೇ ಎದ್ದಿವೆ. ನಗರಸಭೆ ಶಾಲೆ, ಬಸ್‌ಸ್ಟ್ಯಾಂಡ್‌ಗಳ ಹತ್ತಿರದ ಓಣಿಗಳಿಂದ ಆರಂಭಿಸಿ, ಹಣ ಕೊಟ್ಟಾದರೂ ಆ 6 ಅಡಿಯನ್ನು ಮರಳಿ ಪಡೆಯಬೇಕು.